ಎಂಟನೆಯ ಹಾಡಿನ ಕೂಗು

ಎಲ್ಲೋ ಯಾರಿಗೋ ಆದದ್ದಾದರೆ ನಾನು ಬಾಯಿ ಬಿಡುತ್ತಿರಲಿಲ್ಲ. ಇದು ನಮ್ಮ ಚಿಕ್ಕಮ್ಮನ ಮಗ ಸುಕುಮಾರನ್‌ಗೇ ಆದದ್ದು. ವಯನಾಡು ಬೇರೆ ಜಿಲ್ಲೆಯಾಗಿ ಆಗ ವರ್ಷ ದಾಟಿತ್ತು, ಅಷ್ಟೇ. ಭತ್ತದ ತೆನೆ ಬಾಗಿದ ಕಾಲ. ಅಂದರೆ ಕಾಡಿನಿಂದ ಆನೆ ಇಳಿಯುವ ಕಾಲ.

ಕಲ್ಲೂರಿನಲ್ಲಿ ಅವನು ಕಡೇ ಬಸ್ಸಿನಿಂದ ಇಳಿದಾಗ ರಾತ್ರಿ ಹತ್ತು ಗಂಟೆ. ಕೋಯಿಕ್ಕೋಡಿನಿಂದ ಬಂದವನು. ಹೆಗಲ ಚೀಲದಲ್ಲಿ ಸ್ನೇಹಿತನ ಟೇಪ್ ರೆಕಾರ್ಡರ್ ಮತ್ತು ಒಂದು ಕ್ಯಾಸೆಟ್. ಕ್ಯಾಸೆಟ್ಟಿನಲ್ಲಿ ಎಂಟು ಹಾಡು. ಅವನೇ ಬರೆದು, ಅವನೇ ರಾಗ ಕಟ್ಟಿ, ಅವನೇ ಹಾಡಿದ್ದು. ಹಿಂದೆ ಹದಿನಾಲ್ಕು ವಯಲಿನ್, ಎರಡು ಚೆಲ್ಲೊ, ಒಂದು ಕೊಳಲು. ಇಷ್ಟೆಲ್ಲ ವಾದ್ಯ ಸೇರಿಸಿ ಪ್ರೇಮಗೀತೆ ಹಾಡಿದನೇ ಅಂದರೆ, ಇಲ್ಲ. ದೇವರ ಹಾಡೇ? ಅದೂ ಅಲ್ಲ. ಎಂಟೂ ಅವನ ಮನಸ್ಸಿನ ಒಳಗಿನ ಮಾತು, ರಾತ್ರಿ ನಿದ್ದೆ ಬಾರದ್ದರ ಬಗ್ಗೆ. ಹೆಸರು ‘ಒಳಗಿನ ಕಾವಲು’. ಅದನ್ನು ಯಾರು ಕೊಳ್ಳುತ್ತಾರೆ ಎಂದು ನಾವೆಲ್ಲ ಅವನನ್ನು ಆಡಿಕೊಂಡಿದ್ದೆವು. ಅವನು ಅದನ್ನು ಮಾಡಿದ್ದು ಒಬ್ಬಳ ಕಿವಿಗಾಗಿ ಎಂಬುದು ನಮಗೆ ಗೊತ್ತಿರಲಿಲ್ಲ. ಅವ್ವನಿಗೆ ಒಂದು ಮಾತು ಹೇಳಬೇಕಿತ್ತು ಅವನಿಗೆ. ಎರಡು ವರ್ಷದಿಂದ ಅದು ಬಾಯಿಗೆ ಬಂದಿರಲಿಲ್ಲ. ಆವತ್ತು ರಾತ್ರಿ ಎಂಟನೆಯ ಹಾಡು ಕೇಳಿಸಿ ಹೇಳಿಬಿಡುವುದು ಎಂದು ಗಟ್ಟಿ ಮಾಡಿಕೊಂಡು ಬಂದಿದ್ದ.

ರಸ್ತೆ ಬಿಟ್ಟು ಗದ್ದೆಯ ಬದುವಿಗೆ ಇಳಿದ. ಜೀರುಂಡೆ ‘ಝೀ…’ ಎನ್ನುತ್ತಿದ್ದವು. ತೇಗದ ಒಣಎಲೆಯ ಮೇಲೆ ಮಂಜು, ‘ಟಪ್… ಟಪ್…’. ಬಾವಿ ಬಂತು. ಬಾವಿಯ ಹತ್ತಿರ ಬರುತ್ತಿದ್ದಂತೆ ಜೀರುಂಡೆ ನಿಂತವು. ಎಲ್ಲವೂ ಒಟ್ಟಿಗೆ.

ಆಗ ಗದ್ದೆಯ ಆ ತುದಿಯ ಮರದಿಂದ ಕೇಳಿತು.

‘ಕೂ… ಹೋಯ್.’

ಮೊದಲು ತಗ್ಗು, ಉದ್ದ. ಕೊನೆಗೆ ಸ್ವಲ್ಪ ಮೇಲೆ. ಸುಕುಮಾರನ್ ಕಾಲು ಅಲ್ಲೇ ನಿಂತವು. ಆ ಮರದ ಮೇಲೆ ಯಾರೂ ಇರಲಿಲ್ಲ. ಇರುವುದು ಸಾಧ್ಯವೂ ಇರಲಿಲ್ಲ.

ನಮ್ಮಲ್ಲಿ ಕಾವಲು ಹೇಗೆಂದು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ತಿಳಿಯುವುದಿಲ್ಲ. ಗದ್ದೆಯ ಎರಡು ತುದಿಯಲ್ಲೂ ಮರದ ಮೇಲೆ ಏರುಮಾಡ ಕಟ್ಟುತ್ತೇವೆ, ಒಬ್ಬ ಮಲಗುವಷ್ಟು ಗುಡಿಸಲು. ಗಂಟೆಗೊಮ್ಮೆ ಒಬ್ಬ ಕೂಗಬೇಕು. ಪಕ್ಕದವನು ಉತ್ತರ ಕೊಟ್ಟು ಕೂಗನ್ನು ಮುಂದಿನ ಗದ್ದೆಗೆ ದಾಟಿಸಬೇಕು. ಉತ್ತರ ಬಾರದಿದ್ದರೆ ಕೂಗಿದವನು ಮೂರು ಸಲ ಕೂಗಿ ನೋಡುತ್ತಾನೆ. ಆಮೇಲೆ ಮರ ಇಳಿದು, ಅವನಿಗೆ ಏನಾಯಿತೋ ಎಂದು ಹುಡುಕಿಕೊಂಡು ಹೋಗುತ್ತಾನೆ. ಹೋಗಲೇಬೇಕು. ಅದಕ್ಕೇ ಆ ಕೂಗನ್ನು ಆಟಕ್ಕೆ ಹಾಕುವಂತಿಲ್ಲ. ಮಕ್ಕಳು ಹಾಕಿದರೆ ಬೆನ್ನಿಗೆ ಏಟು ಬೀಳುತ್ತದೆ.

ಎರಡು ವರ್ಷದ ಹಿಂದೆ ಆ ತುದಿಯ ಮರದಲ್ಲಿ ಇದ್ದವನು ಅವನ ಅಣ್ಣ ಮಾಧವನ್. ಈ ತುದಿಯಲ್ಲಿ ಸುಕುಮಾರನ್. ಮಾಧವನ್ ಮೂರು ಸಲ ಕೂಗಿದ. ಉತ್ತರ ಬರಲಿಲ್ಲ. ತಮ್ಮನಿಗೆ ಏನಾಯಿತೋ ಎಂದು ಇಳಿದ. ಬದುವಿನ ಮೇಲೆ ಆನೆ ನಿಂತಿತ್ತು… ಸುಕುಮಾರನ್ ಎಲ್ಲರಿಗೂ ಹೇಳಿದ್ದು, ನಿದ್ದೆ ಹತ್ತಿತ್ತು ಎಂದು. ಕಾರ್ಯ ಮುಗಿದ ಮರುದಿನ ಎರಡೂ ಏರುಮಾಡ ಕಿತ್ತು ಹಾಕಿದರು. ಆ ಮನೆಯವರು ಮತ್ತೆ ಕಾವಲು ಕೂರಲಿಲ್ಲ. ಆನೆ ತಿಂದು ಉಳಿಸಿದ್ದು ಕೊಯ್ಯುತ್ತಿದ್ದರು.

ಈಗ ಬಾವಿಯ ಬಳಿ ಸುಕುಮಾರನ್ ಆ ಮರದ ಕಡೆಗೇ ನೋಡಿದ. ಸ್ಟುಡಿಯೋದಲ್ಲಿ ತಾನು ಮಾಡಿದ್ದು ಆಗ ನೆನಪಾಯಿತು. ಎಂಟನೆಯ ಹಾಡಿನ ನಡುವೆ ವಯಲಿನ್ ಎಲ್ಲ ನಿಲ್ಲುತ್ತವೆ. ಅವನು ಒಂದು ಸಲ ಕಾವಲು ಕೂಗು ಹಾಕುತ್ತಾನೆ. ಆಮೇಲೆ ಏನೂ ಇಲ್ಲ, ಖಾಲಿ. ವಯಲಿನ್ ಮೇಷ್ಟ್ರು, ಇಲ್ಲಿ ಕೊಳಲಾದರೂ ಹಾಕೋಣ ಎಂದಿದ್ದರು. ಇವನು ಬೇಡ ಎಂದ. ಸರಿಯಾಗಿ ಬರಲಿ ಎಂದು ಆ ಕೂಗನ್ನೇ ಇಪ್ಪತ್ತು ಸಲ ಹಾಕಿದ್ದ. ಇಪ್ಪತ್ತಕ್ಕೂ ಉತ್ತರ ಇಲ್ಲ.

ಅವನು ಉತ್ತರ ಕೊಡಲಿಲ್ಲ. ಓಡಿದ. ಹೆದರಿದ್ದ, ಅದನ್ನು ಮುಚ್ಚಿಟ್ಟು ಏನಾಗಬೇಕು.

ಜಾನಕಿ ಚಿಕ್ಕಮ್ಮ ಎಚ್ಚರವಿದ್ದಳು. ಬಾಗಿಲು ತೆಗೆದು ಮಗನನ್ನು ನೋಡಿ ಪಿಸುಗುಟ್ಟಿದಳು. “ಎಂತ ಮೋನೆ, ಮುಖ ಹಿಂಗೆ?”

“ಏನಿಲ್ಲ ಅವ್ವ. ಅಗುಳಿ ಹಾಕು.”

ಅವಳು ಹಾಕಿದಳು. ಅವನು ನೀರು ಕುಡಿಯಲಿಲ್ಲ, ಊಟಕ್ಕೆ ಕೂರಲಿಲ್ಲ. ಟೇಪ್ ರೆಕಾರ್ಡರನ್ನು ನೆಲದ ಮೇಲಿಟ್ಟು ಎಂಟನೆಯ ಹಾಡಿಗೆ ಓಡಿಸಿದ. ‘ಕುರ್‌ರ್‌…’ ಆಮೇಲೆ ‘ಟಕ್’. ಚೆಲ್ಲೊ ತಗ್ಗಿನಲ್ಲಿ ಶುರುವಾಯಿತು. ಮಿಕ್ಕ ಏಳು ಮಲಯಾಳದಲ್ಲಿದ್ದರೆ ಇದೊಂದು ಮನೆಮಾತಿನಲ್ಲಿ. ಅವಳು ಮಂಡಿ ಮೇಲೆ ಗಲ್ಲ ಊರಿ ಕೇಳಿದಳು. ವಯಲಿನ್ ಒಂದೊಂದಾಗಿ ಏರಿದವು. ನಿಂತವು.

‘ಕೂ… ಹೋಯ್.’ ಟೇಪಿನೊಳಗಿನ ಸುಕುಮಾರನ್.

ಆಮೇಲೆ ಟೇಪಿನ ಬರೀ ‘ಸ್ಸ್ಸ್…’.

ಆ ‘ಸ್ಸ್ಸ್’ ನಡುವೆ ಹೊರಗಿನಿಂದ ಬಂತು. ‘ಕೂ… ಹೋಯ್.’

ಚಿಕ್ಕಮ್ಮ ಕೈ ಚಾಚಿ ಗುಂಡಿ ಒತ್ತಿದಳು. ‘ಟಕ್.’

“ಇದರೊಳಗಿನದಾ?”

“ಅಲ್ಲ ಅವ್ವ.”

“ಕಾಳನಾ?” ಗದ್ದೆ ಪಕ್ಕದ ತೋಡಿನ, ಅಂದರೆ ಸಣ್ಣ ಹಳ್ಳದ, ಆಚೆ ದಡದ ಗದ್ದೆಯ ಕಾವಲಿಗೆ ಇದ್ದವನು ಕಾಳನ್. ಕಾಡಿನ ಹಾಡಿಯವನು, ಮಾಧವನ್‌ಗೆ ಸಣ್ಣಂದಿನಿಂದ ಜೊತೆ.

“ಕಾಳನ್ ಆಚೆ ದಡ. ಇದು ಬಾವಿ ಹತ್ರ… ಮೊದಲನೇದು ಮರದಿಂದ ಬಂತು.”

ಅವಳು ಮಗನನ್ನೇ ನೋಡಿದಳು. ಮರದಿಂದ ಒಂದು, ಬಾವಿಯಿಂದ ಒಂದು. ಉತ್ತರ ಕೊಡದವನನ್ನು ಹುಡುಕಿಕೊಂಡು ಬರುತ್ತಿರುವುದು ಯಾರೆಂದು ಇಬ್ಬರಿಗೂ ಗೊತ್ತಾಯಿತು.

“ಅವ್ವ… ಅವತ್ತು ನಂಗೆ ನಿದ್ದೆ ಬಂದಿರಲಿಲ್ಲ.”

ಅವಳು ಅವನ ಕಡೆ ತಿರುಗಿ ಕೂತಳು.

“ಕೇಳಿದ್ದೆ. ಮೂರೂ ಕೇಳಿದ್ದೆ. ಒಂದು ಹಾಡು ಬರೀತಿದ್ದೆ. ಈ ಸಾಲು ಮುಗೀಲಿ, ಆಮೇಲೆ ಕೂಗೋಣ ಅಂತ…”

ಅಂಗಳದಲ್ಲಿ ಹುಲ್ಲು ಹಾಸಿತ್ತು. ಅದರ ಮೇಲೆ ‘ಸರ್…’ ಎಂದಿತು. ಸ್ವಲ್ಪ ಬಿಟ್ಟು ಮತ್ತೆ, ‘ಸರ್…’. ಬರಿಗಾಲು.

ಎರಡು ವರ್ಷ ಈ ಗಳಿಗೆಯನ್ನು ನೆನೆದು ನೆನೆದು ಅವನು ಸೊರಗಿದ್ದ. ಅವ್ವ ಹೊಡೆಯುತ್ತಾಳೆ, ಶಾಪ ಹಾಕುತ್ತಾಳೆ, ಮುಖ ನೋಡಬೇಡ ಎನ್ನುತ್ತಾಳೆ. ಅವಳು ಯಾವುದನ್ನೂ ಮಾಡಲಿಲ್ಲ. ಸೆರಗನ್ನು ಬಾಯಿಗೆ ಒತ್ತಿಕೊಂಡು, ಆಮೇಲೆ ತೆಗೆದು ಹೇಳಿದಳು.

“ನಾನೂ ಕೇಳಿದ್ದೆ, ಮೋನೆ.”

“ಏನು?”

“ಮೂರೂ. ಇಲ್ಲೇ ಮಲಗಿ ಕೇಳಿದ್ದೆ. ಆ ಕಡೆ ನೀನಿದ್ದೀಯಲ್ಲ ಅಂತ ಮಗ್ಗುಲು ತಿರುಗಿ ಮಲಗಿದೆ.”

“ನೀ ಹೇಳಲೇ ಇಲ್ಲ…”

“ನೀ ಹೇಳಿದ್ಯಾ?”

‘ಸರ್…’ ಜಗುಲಿಯ ಮೆಟ್ಟಿಲ ಬಳಿ ಬಂದು ನಿಂತಿತು. ಬಾಗಿಲ ಹಲಗೆಯ ಆ ಕಡೆ ಉಸಿರೆಳೆದ ಸದ್ದು, ದೂರ ನಡೆದು ಬಂದವರು ಎಳೆದುಕೊಳ್ಳುವಂಥದ್ದು. ಆಮೇಲೆ ಮೂರನೆಯದು. ಗಟ್ಟಿಯಾಗಿ ಅಲ್ಲ, ತೀರ ಮೆಲ್ಲಗೆ.

‘ಕೂ… ಹೋಯ್.’

ಸುಕುಮಾರನ್ ಅವಳ ಕೈ ಹಿಡಿದ. ಅವಳು ಬಿಡಿಸಿಕೊಂಡಳು. ಅಗುಳಿ ತೆಗೆದಳು. ಬಾಗಿಲು ‘ಕಿರ್’ ಎಂದಿತು. ಹೊರಗೆ ಕತ್ತಲು, ಮಂಜು, ಹುಲ್ಲಿನ ವಾಸನೆ. ಯಾರೂ ಇಲ್ಲ. ನಮ್ಮಲ್ಲಿ ಹೆಂಗಸರು ಕಾವಲು ಕೂಗು ಹಾಕುವ ಪದ್ಧತಿಯಿಲ್ಲ. ಅರವತ್ತು ದಾಟಿದ ಆ ಮುದುಕಿ ಹೊಸ್ತಿಲ ಮೇಲೆ ನಿಂತು, ಕತ್ತು ಎತ್ತಿ, ಎದೆಯಲ್ಲಿದ್ದ ಉಸಿರನ್ನೆಲ್ಲ ಹಾಕಿ ಉತ್ತರ ಕೊಟ್ಟಳು. ದನಿ ನಡುವೆ ಒಡೆಯಿತು. ಒಡೆದಲ್ಲಿಂದ ಸುಕುಮಾರನ್ ಹಿಡಿದುಕೊಂಡ. ಅಳುತ್ತಲೇ ಕೂಗಿದ, ಕೊನೆಯವರೆಗೂ ಕೂಗಿದ.

ಸ್ವಲ್ಪ ಹೊತ್ತು ಏನೂ ಇಲ್ಲ… ಆಮೇಲೆ ಹುಲ್ಲಿನ ಮೇಲೆ ‘ಸರ್’, ಈ ಸಲ ಆ ಕಡೆಗೆ. ಬದುವಿನ ಬಳಿ ನೀರು ‘ಚಳಕ್… ಚಳಕ್’ ಎಂದಿತು. ಆಚೆ ದಡದಿಂದ ಕಾಳನ್ ಅವರ ಕೂಗನ್ನು ಎತ್ತಿಕೊಂಡ. ಅವನಿಂದ ಮುಂದಿನ ಗದ್ದೆ, ಅಲ್ಲಿಂದ ಮತ್ತೊಂದು. ಹಾಗೇ ಮುತ್ತಂಗದ ಕಾಡಿನ ಅಂಚಿನವರೆಗೂ ಹೋಯಿತು. ತಾಯಿ ಮಗ ಹೊಸ್ತಿಲ ಮೇಲೆ ಕೂತು, ಅದು ಅಳಿಸಿಹೋಗುವವರೆಗೆ ಕೇಳಿದರು.

ಬೆಳಿಗ್ಗೆ ಕಾಳನ್ ಅಂಗಳಕ್ಕೆ ಬಂದ. “ಅವ್ವ, ರಾತ್ರಿ ಕಾವಲಿಗೆ ಯಾರನ್ನ ಕೂರಿಸಿದ್ರಿ?”

“ಯಾರನ್ನೂ ಇಲ್ಲ.”

“ಬೆಳಗಿನ ತನಕ ಕೂಗ್ತಿದ್ನಲ್ಲ. ನಾನೂ ಉತ್ತರ ಕೊಡ್ತಿದ್ದೆ.”

ಮೂವರೂ ಗದ್ದೆಗೆ ಹೋದರು. ಆನೆಯ ಹೆಜ್ಜೆ ಕಾಡಿನಿಂದ ಅವರ ಬದುವಿನವರೆಗೆ ಬಂದು, ಅಲ್ಲಿಂದ ಹಾಗೇ ಹಿಂದಕ್ಕೆ ತಿರುಗಿತ್ತು. ಒಂದು ತೆನೆಯೂ ಮುರಿದಿರಲಿಲ್ಲ. ಆ ತುದಿಯ ಮರದ ಬುಡದಲ್ಲಿ ಬೂದಿ ಇತ್ತು, ಕಾವಲಿನವನು ಚಳಿಗೆ ಹಾಕಿಕೊಳ್ಳುವ ಬೆಂಕಿಯದು. ಕಾಳನ್ ಕಡ್ಡಿಯಿಂದ ಕೆದಕಿದ. ಒಳಗೆ ಕೆಂಡ ಇನ್ನೂ ಕೆಂಪಗಿತ್ತು.

ನಂಬುವುದು ಬಿಡುವುದು ನಿಮಗೆ ಸೇರಿದ್ದು. ಮೂವರೂ ನನಗೆ ಬೇರೆ ಬೇರೆಯಾಗಿ ಹೇಳಿದ್ದಾರೆ, ಒಂದು ಮಾತೂ ಆಚೀಚೆ ಇಲ್ಲ. ಕಾಳನ್ ಆ ಕೆಂಡದಲ್ಲೇ ಬೀಡಿ ಹಚ್ಚಿಕೊಂಡು ಸೇದಿದ.