ಒಂಬೈನೂರು ಗ್ರಾಂ ಕೂಸಿನ ಚರ್ಮ

ಮೊಣಕೈಯ ತುರಿಕೆ ತೋರಿಸಲು ಬಂದ ಪದವೀಧರನೊಬ್ಬ ಚರ್ಮದ ಡಾಕ್ಟರ ಬಾಗಿಲಲ್ಲಿ ಕಾಯುತ್ತಿದ್ದ. ಪಕ್ಕದ ಬೆಂಚಿನಲ್ಲಿ ಅಕ್ಕತಂಗಿಯರು. ತಂಗಿ ನರ್ಸು, ಅವಳ ಬೆರಳುಗಳೆಲ್ಲ ಬಿರುಕು ಬಿಟ್ಟಿದ್ದವು.

“ಇದು ಮಾಯದಿದ್ರೆ ಕೂಸುಗಳ ವಾರ್ಡಿಂದ ನನ್ನ ತೆಗೀತಾರಂತೆ ಅಕ್ಕಾ.”

“ತಳ ಹಿಡಿದ ಪಾತ್ರೆ ಉಜ್ಜೋ ಹಾಗೆ ಸುಡುನೀರಲ್ಲಿ ಕೈ ಉಜ್ಜಿದ್ರೆ ಇನ್ನೇನಾಗುತ್ತೆ?”

“ಅಂಥ ಎಳೇ ಕೂಸನ್ನ ಮುಟ್ಟಬೇಕಲ್ಲ. ಮೊನ್ನೆ ಒಂದು ಬಂತು, ಒಂಬೈನೂರು ಗ್ರಾಂ. ಚರ್ಮ ಈರುಳ್ಳಿ ಪೊರೆ ಥರ, ಒಳಗಿನ ನರ ಕಾಣುತ್ತೆ. ಅಷ್ಟು ತೆಳು ಪೊರೆ, ಇಡೀ ಲೋಕಾನ ಆಚೆ ನಿಲ್ಲಿಸಿದೆ.”

“ಅದಕ್ಕೂ ಸೋಪು ಹಾಕಿ ತಿಕ್ತೀಯಾ?”

“ಬಿಡ್ತು ಅನ್ನು. ಹುಟ್ಟುವಾಗ ಮೈಗೆ ಮೆತ್ತಿರೋ ಬಿಳಿ ಜಿಡ್ಡನ್ನೂ ನಾವು ಒರೆಸಲ್ಲ. ಅದೇ ಅದರ ಕವಚ.”

“ನಿನ್ನ ಕವಚ ಎಲ್ಲಿ, ಮಹಾತಾಯಿ?”

ತಂಗಿ ತನ್ನ ಕೈಗಳನ್ನು ತಿರುಗಿಸಿ ನೋಡಿದಳು.

“ಉಗುರುಬೆಚ್ಚಗಿನ ನೀರು, ಒತ್ತಿ ಒರೆಸೋದು, ತೇವ ಆರೋಕೆ ಮುಂಚೆ ಮುಲಾಮು. ಹೋದ ಸಲಾನೇ ಡಾಕ್ಟರು ಹೇಳಿದ್ರು. ಇಷ್ಟೇನಾ ಅಂತ ನಕ್ಕುಬಿಟ್ಟಿದ್ದೆ.”

ಒಳಗಿನಿಂದ ಕರೆ ಬಂತು. ಅಕ್ಕ ಅವಳ ಕೈ ಹಿಡಿಯಹೋಗಿ ತಡೆದುಕೊಂಡಳು. ಬೆರಳುಗಳನ್ನು ಬಿಟ್ಟು, ಮಣಿಕಟ್ಟಿನಲ್ಲಿ ಮೆಲ್ಲಗೆ ಹಿಡಿದು ಎಬ್ಬಿಸಿದಳು. ಬಾಗಿಲು ಮುಚ್ಚಿತು. ಪದವೀಧರ ತುರಿಸುವುದನ್ನು ನಿಲ್ಲಿಸಿ, ಬೆಳಕಿಗೆ ತನ್ನ ಮುಂಗೈ ಹಿಡಿದು ನೋಡುತ್ತ ಕುಳಿತ.