ಡೀಸೆಲ್ ಕುಡಿದವರು ಯಾರು

ಡೀಸೆಲ್ ಕಳ್ಳತನವೊಂದರ ಐತಿಹಾಸಿಕ ತನಿಖೆ ನಿನ್ನೆ ಗ್ಯಾರೇಜಿನ ಬೆಂಚಿನ ಮೇಲೆ, ನನ್ನ ಪಕ್ಕದಲ್ಲೇ ಮುಕ್ತಾಯವಾಯಿತು. ಹಳೆಯ ಪಿಕಪ್ಪಿನ ಯಜಮಾನರೂ ಅವರ ಹೆಂಡತಿಯೂ ಕೂತಿದ್ದರು. ಮೆಕ್ಯಾನಿಕ್ ಬಂದು, ಇಂಜಿನ್ನಿನ ಬಿಸಿ ಅಳೆಯುವ ಹೆಬ್ಬೆರಳಿನಷ್ಟು ಉದ್ದದ ಸೆನ್ಸರೊಂದನ್ನು ತೋರಿಸಿದ.

"ಇಂಜಿನ್ ಕಾದು ಸುಡ್ತಿದ್ರೂ ತಣ್ಣಗಿದೆ ಅಂತಲೇ ಹೇಳ್ತಿತ್ತು ಸಾರ್. ತಣ್ಣಗಿದ್ರೆ ಇಂಜಿನ್ನಿಗೆ ಜಾಸ್ತಿ ಡೀಸೆಲ್ ಹೋಗತ್ತೆ, ಅದಕ್ಕೇ ಗಾಡಿ ಅಷ್ಟು ಕುಡೀತಿತ್ತು."

"ಅಂದ್ರೆ ಕದ್ದದ್ದು ನನ್ನ ತಮ್ಮ ಅಲ್ಲ," ಎಂದರು ಹೆಂಡತಿ.

"ನಾನೆಲ್ಲಿ ಕಳ್ಳ ಅಂದೆ? ಅನುಮಾನ ಅಂದೆ, ಅಷ್ಟೇ."

"ಹೌದ್ಹೌದು. ಈ ಗಾಡಿಯ ಡ್ರೈವರ್ ಕೆಲಸದಿಂದ ಅವನನ್ನ ಬಿಡಿಸಿದ್ದೂ ಪ್ರೀತಿಗೇ."

"ಸರಿ, ಫೋನ್ ಮಾಡಿ ವಾಪಸ್ ಕರೀತೀನಿ."

"ಅನುಮಾನ ಪಟ್ಟಿದ್ದು ನೆಂಟರೆಲ್ಲರ ಮುಂದೆ, ಕ್ಷಮೆ ಮಾತ್ರ ಫೋನಲ್ಲಾ?"

"ಭಾಮೈದನಿಗೆ ನಾನು ಕೈಮುಗೀಬೇಕಾ?"

"ಬೇಡ ಬಿಡಿ. ನೀವೂ ಈ ಸೆನ್ಸರ್ ಥರಾನೇ, ಮನೇಲಿ ಎಲ್ಲಾ ತಣ್ಣಗಿದೆ ಅಂದ್ಕೊಂಡು ಕೂತಿರಿ."

ಹೊಸ ಸೆನ್ಸರ್ ಹಾಕಿಸಿಕೊಂಡ ಮೇಲೆ ಯಜಮಾನರೇ "ನಡಿ, ಕೈಮುಗಿದೇ ಕರ್ಕೊಂಡು ಬರೋಣ" ಎಂದರು; ಇಬ್ಬರೂ ತಮ್ಮನ ಮನೆಯ ದಾರಿ ಹಿಡಿದರು.