ಮೂವತ್ತನೆಯ ಕೂಸು

ಮಾನ್ಯ ಅಧ್ಯಕ್ಷರಾದ ಮೃತ್ಯುಂಜಯ ಸರ್ ಅವರೇ, ನನಗೆ ಶ್ರವಣ ಪರೀಕ್ಷೆಯ ವಿದ್ಯೆ ಕಲಿಸಿದ, ಇಂದಿನ ಮುಖ್ಯ ಅತಿಥಿ ಶೈಲಶ್ರೀ ಮೇಡಂ ಅವರೇ, ಸವಣೂರಿನ ಪಾಲಕರ ಬಳಗದವರೇ, ಕಿವಿಗೆ ಯಂತ್ರ ಹಾಕಿಕೊಂಡು ಮುಂದಿನ ಸಾಲಿನಲ್ಲಿ ಕುಳಿತಿರುವ ಮುದ್ದು ಮಕ್ಕಳೇ, ಸಭಿಕರೇ. ಹಿಂದೆ ಕುಳಿತವರಿಗೆ ಕೇಳಿಸುತ್ತಿದೆಯೇ? ಹೀಗೆ ಕೇಳುವುದು ನಮ್ಮ ವೃತ್ತಿಯವರ ಚಟ, ಕ್ಷಮಿಸಬೇಕು.

ನಿರೂಪಕರು ಈಗಷ್ಟೇ ಹೇಳಿದರು: ತನುಜಾ ಮೇಡಂ ಮನೆ ಹುಡುಕಿಕೊಂಡು ಹೋಗಿ ಇನಾಯತನ ಕಿವುಡುತನ ಪತ್ತೆ ಹಚ್ಚಿದರು ಎಂದು. ಚಪ್ಪಾಳೆಯೂ ಆಯಿತು. ಆದರೆ ನಾನು ಯಾಕೆ ಹುಡುಕಿಕೊಂಡು ಹೋದೆ ಎಂದು ನಾಲ್ಕು ವರ್ಷಗಳಲ್ಲಿ ಯಾರೂ ಕೇಳಿಲ್ಲ. ಇಂದು ನಾನೇ ಹೇಳುತ್ತೇನೆ.

ನಾನು ಶಿಗ್ಗಾಂವದ ಕಾಳಿನ ವ್ಯಾಪಾರಿಯ ಮಗಳು. ಎಂ.ಎಸ್ಸಿ. ಸೇರಿದಾಗ ಅಪ್ಪ ಅಂಗಡಿಗೆ ಬಂದವರಿಗೆಲ್ಲ, "ನಮ್ಮ ತನುಜಾ ಕಿವಿ ಡಾಕ್ಟರ್ ಆಗಾಕತ್ತಾಳ್ರಿ" ಎನ್ನುತ್ತಿದ್ದರು. ನಾನು ಡಾಕ್ಟರ್ ಅಲ್ಲ ಎಂದು ಮೊದಮೊದಲು ತಿದ್ದುತ್ತಿದ್ದೆ. ಆಮೇಲೆ ಬಿಟ್ಟೆ. ಕೇಳಲು ಹಿತವಾಗಿತ್ತು.

ಮೊದಲ ವರ್ಷ ನಮ್ಮೂರಲ್ಲೇ ಶಿಬಿರ. ಪ್ರತಿ ವಿದ್ಯಾರ್ಥಿ ಮೂವತ್ತು ಕೂಸುಗಳ ಕಿವಿ ಪರೀಕ್ಷೆ ಮಾಡಿ, ಅಂದು ಸಂಜೆಯೇ ದಾಖಲೆ ಪುಸ್ತಕ ಒಪ್ಪಿಸಬೇಕು. ನನ್ನ ಇಪ್ಪತ್ತೊಂಬತ್ತು ಮುಗಿದಿದ್ದವು. ಮೂವತ್ತನೆಯದು ಎರಡು ತಿಂಗಳ ಇನಾಯತ. ಅಳು ನಿಲ್ಲಿಸಲೇ ಇಲ್ಲ. ಕಿವಿಯಲ್ಲಿ ಮಶೀನಿನ ಪುಟ್ಟ ನಳಿಗೆಯನ್ನು ಇಟ್ಟಾಗಲೆಲ್ಲ ಅದರ ಪರದೆಯ ಮೇಲೆ ಒಂದೇ ಮಾತು: ಗದ್ದಲ, ಮತ್ತೆ ಪರೀಕ್ಷಿಸಿ. ಮೂರು ಸಲ ಹಾಗೇ ಬಂತು. ತಾಯಿ ಫರ್ಹತ ಬಾಗಿಲ ಕಡೆ ನೋಡುತ್ತ, "ಸವಣೂರ ಬಸ್ ಹೋಗತೈತ್ರಿ ಮೇಡಮ್ಮಾರ" ಎಂದರು. ನಾನು ಚೀಟಿಯಲ್ಲಿ ಬರೆದೆ: ಎರಡೂ ಕಿವಿ ಸರಿ ಇವೆ. ಕೆಳಗೆ ಸಹಿ ಹಾಕಿದೆ.

ಹನ್ನೊಂದು ತಿಂಗಳಾದ ಮೇಲೆ ಶೈಲಶ್ರೀ ಮೇಡಂ ತರಗತಿಯಲ್ಲಿ ಹೇಳಿದರು: "ಅಳುವ ಕೂಸಿಗೆ ಫಲಿತಾಂಶ ಇರುವುದಿಲ್ಲ. ಅದನ್ನು ಮತ್ತೆ ಕರೆಸಬೇಕು, ಅಷ್ಟೇ." ಎಲ್ಲರೂ ಬರೆದುಕೊಂಡರು. ನನ್ನ ಪೆನ್ನು ಏಳಲಿಲ್ಲ. ಮರುದಿನವೇ ದಾಖಲೆ ಪುಸ್ತಕದಿಂದ ವಿಳಾಸ ತೆಗೆದುಕೊಂಡು ಸವಣೂರಿನ ಬಸ್ಸು ಹತ್ತಿದೆ.

ಮನೆಯ ಕಟ್ಟೆಯ ಮೇಲೆ ಫರ್ಹತರ ಅತ್ತೆ ಹಾಜರಾಬಿಯವರು ವೀಳ್ಯದೆಲೆ ಎಣಿಸಿ ಕಟ್ಟುತ್ತಿದ್ದರು. ನನ್ನನ್ನು ಕಂಡದ್ದೇ ತಡ, "ತಾಟು ಬಿದ್ರೂ ಕೂಸು ಹೊಳ್ಳಿ ನೋಡಂಗಿಲ್ಲವಾ. ಇವರ್ಯಾರೂ ನನ್ನ ಮಾತು ಕೇಳವಲ್ರು" ಎಂದರು. ಒಳಗಿನಿಂದ ಫರ್ಹತ ಒಂದು ಪ್ಲಾಸ್ಟಿಕ್ ಚೀಲ ತಂದರು. ಅದರಲ್ಲಿ ನನ್ನ ಚೀಟಿ. "ದಿನಾ ಅತ್ತಿ ಮುಂದ ಇದನ್ನ ಹಿಡಿತೇನ್ರಿ. ಓದಿದವ್ರು ಸಹಿ ಮಾಡಿ ಕೊಟ್ಟಾರ, ನಿನಗೇನ ತಿಳಿತೈತಿ ಅಂತ ಬೈತೇನಿ."

ಇನಾಯತ ನೆಲದ ಮೇಲೆ ಚಮಚದೊಡನೆ ಆಡುತ್ತಿದ್ದ. ಅವನ ಬೆನ್ನ ಹಿಂದೆ ನಿಂತು ತಾಟು ಬಡಿದೆ. ತಿರುಗಲಿಲ್ಲ. ಇನ್ನೂ ಜೋರಾಗಿ ಬಡಿದೆ. ಪಕ್ಕದ ಮನೆಯವರು ಹೊರಗೆ ಬಂದರು; ಅವನು ತಿರುಗಲಿಲ್ಲ. ಫರ್ಹತ ಮಗನನ್ನು ನೋಡಲಿಲ್ಲ, ನನ್ನನ್ನು ನೋಡಿದರು.

ಆಗ ನಾನು ಏನು ಹೇಳಿದೆ ಗೊತ್ತೇ? "ಆವತ್ತು ಮಶೀನ್ ಕೆಟ್ಟಿತ್ತು" ಎಂದೆ. ಅವರು ನಂಬಿದರು. "ಮಶೀನಿಗೆ ಏನ ಅನ್ನೂದ್ರಿ? ನೀವು ಹುಡುಕ್ಕೊಂಡು ಬಂದ್ರೆಲ್ಲ, ಅದಾ ದೊಡ್ಡದು" ಎಂದು ನನಗೆ ಚಹಾ ಮಾಡಿಕೊಟ್ಟರು. ನಾನು ಕುಡಿದೆ.

ಸಭಿಕರೇ, ಮಶೀನ್ ಕೆಟ್ಟಿರಲಿಲ್ಲ. ಮೂರು ಸಲವೂ ಅದು ನಿಜವನ್ನೇ ಹೇಳಿತ್ತು. ಸುಳ್ಳು ಬರೆದವಳು ನಾನು.

ಫರ್ಹತ, ಏಳಬೇಡಿ. ಇನ್ನೊಂದೇ ನಿಮಿಷ.

ಇನಾಯತನಿಗೆ ಈಗ ಐದು ವರ್ಷ. ಮಾತು ಬರುತ್ತಿದೆ, ತಡವಾಗಿ, ಒಂದೊಂದೇ. ಆ ಹನ್ನೊಂದು ತಿಂಗಳು ಕೈಯಲ್ಲಿದ್ದಿದ್ದರೆ ಇನ್ನೆಷ್ಟು ಮಾತು ಬರುತ್ತಿತ್ತು? ಅದನ್ನು ಅಳೆಯಲು ನನಗೆ ಬರುವುದಿಲ್ಲ. ಇದನ್ನೆಲ್ಲ ಬರೆದು ಇಂದು ಬೆಳಿಗ್ಗೆ ಶೈಲಶ್ರೀ ಮೇಡಂ ಅವರ ಕೈಗೆ ಕೊಟ್ಟೆ. ಓದಿ, "ನನ್ನ ವಿಚಾರಣೆ ಆಮೇಲೆ. ಮೊದಲು ಆ ತಾಯಿಗೆ ಹೇಳು" ಎಂದರು. ಫರ್ಹತ ಒಬ್ಬರೇ ಇದ್ದಾಗ ಹೇಳುವ ಧೈರ್ಯ ನಾಲ್ಕು ವರ್ಷ ಬರಲಿಲ್ಲ. ಅದಕ್ಕೇ ಎಲ್ಲರೆದುರು ನಿಂತೆ. ಇಲ್ಲಿಂದ ಜಾರಿಕೊಳ್ಳಲು ಆಗುವುದಿಲ್ಲ.

ಹಾಜರಾಬಿಯವರೇ, ಆ ಮನೆಯಲ್ಲಿ ಸರಿಯಾಗಿ ಕಂಡವರು ನೀವೊಬ್ಬರೇ. ನಿಮ್ಮ ಬಾಯಿ ಮುಚ್ಚಿಸಿದ್ದು ನನ್ನ ಸಹಿ. ಅದಕ್ಕೆ ನಿಮ್ಮಲ್ಲಿ ಕ್ಷಮೆ ಕೇಳುತ್ತೇನೆ.

ಬಳಗದವರ ಪ್ರೀತಿಗೆ ಋಣಿ. ಸನ್ಮಾನವನ್ನು ಮಾತ್ರ ನಾನು ಸ್ವೀಕರಿಸಲಾರೆ. ಫರ್ಹತ ಮಗನನ್ನು ಎತ್ತಿಕೊಂಡು ಹೊರಗೆ ಹೋದರು. ಅಧ್ಯಕ್ಷರು ಅಪ್ಪಣೆ ಕೊಟ್ಟರೆ ನಾನೂ ಅವರ ಹಿಂದೆ ಹೋಗಬೇಕು. ಇಷ್ಟು ಹೊತ್ತು ಸಹನೆಯಿಂದ ಕುಳಿತ ನಿಮಗೆಲ್ಲ ವಂದನೆಗಳು. ನಮಸ್ಕಾರ.